ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ ಒಂದು ವಾರ: ಹೋಗಿ ಬಂದವರು ಏನಂತೀರಿ?

ಅಟ್ಲಾಂಟಾ_ಅಕ್ಕ

ರಾಯಲ್ ಕೆರಿಬಿಯನ್ ಕಂಪನಿಯ ಈ ಕ್ರೂಸ್ ಹಡಗಿನ ಬಗ್ಗೆ ತುಂಬಾ ಜನ ಬಿಡಿಬಿಡಿಯಾಗಿ ಕೇಳಿದ್ದೀರಿ. ಎಲ್ಲರಿಗೂ ಒಂದೇ ಕಡೆ ಬರೆದುಬಿಡುತ್ತೇನೆ. ನಾವು ಹೋಗಿದ್ದು ಮಯಾಮಿಯಿಂದ ಹೊರಡುವ ಏಳು ರಾತ್ರಿಯ ಪೂರ್ವ ಕೆರಿಬಿಯನ್ ಯಾನ. ಸೇಂಟ್ ಕಿಟ್ಸ್, ಸೇಂಟ್ ಥಾಮಸ್, ಆಮೇಲೆ ಬಹಾಮಾಸ್‌ನ ಕೊಕೊಕೇ ದ್ವೀಪ. ಜೊತೆಗೆ ಇಬ್ಬರು ಮಕ್ಕಳು, ಮೈಸೂರಿನಿಂದ ಬಂದಿದ್ದ ಅತ್ತೆ ಮಾವ.

ಮೂರು ತಲೆಮಾರು ಒಟ್ಟಿಗೆ ರಜೆ ಕಳೆಯಬೇಕು, ಯಾರಿಗೂ ಬೇಜಾರಾಗಬಾರದು ಅಂದರೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಆದರೆ ಕಡಲು ನೋಡೋಕೆ ಅಂತ ಹೋಗುವವರು ಒಂದು ವಿಷಯ ತಿಳಿದುಕೊಳ್ಳಿ. ಈ ಹಡಗಿನಲ್ಲಿ ಕಡಲನ್ನು ನೀವೇ ಹುಡುಕಿಕೊಂಡು ಹೋಗಬೇಕು.

365 ಮೀಟರ್ ಉದ್ದ, 20 ಡೆಕ್. ಅದನ್ನು ಎಂಟು ಬಡಾವಣೆಗಳಾಗಿ ಮಾಡಿದ್ದಾರೆ. ಹಿಂಭಾಗದಲ್ಲಿ ಚಿಕ್ಕ ಮಕ್ಕಳ ಸಂಸಾರಗಳಿಗೆ ಸರ್ಫ್‌ಸೈಡ್. ಮೇಲೆ ಆರು ಜಾರುಬಂಡೆಗಳ ವಾಟರ್ ಪಾರ್ಕ್. ನಡುವೆ ನಿಜವಾದ ಗಿಡಮರಗಳಿರುವ ಸೆಂಟ್ರಲ್ ಪಾರ್ಕ್, ಅದಕ್ಕೆ ಮೇಲೆ ಸೂರಿಲ್ಲ. ಏಳು ಈಜುಕೊಳ. ಮೊದಲ ಸಂಜೆ ಇದನ್ನೆಲ್ಲ ಒಂದು ಸುತ್ತು ಹಾಕಿದ ಮಾವ, 'ದಸರಾ ವಸ್ತುಪ್ರದರ್ಶನವನ್ನೇ ಎತ್ತಿ ನೀರಿನ ಮೇಲೆ ಇಟ್ಟಿದ್ದಾರಲ್ಲ' ಅಂದರು. ಬೈದದ್ದಲ್ಲ, ಖುಷಿಯಾಗಿಯೇ ಹೇಳಿದ್ದು.

ನಮ್ಮದು ಇನ್ಫಿನಿಟ್ ಬಾಲ್ಕನಿ ಕೋಣೆ. ಹೊರಗೆ ಚಾಚಿದ ಬಾಲ್ಕನಿ ಇರಲ್ಲ. ಗೋಡೆಗೆ ಗೋಡೆ ಒಂದೇ ಗಾಜು. ಗುಂಡಿ ಒತ್ತಿದರೆ ಮೇಲಿನ ಅರ್ಧ ಮೆಲ್ಲಗೆ ಕೆಳಗೆ ಸರಿಯುತ್ತದೆ, ಉಪ್ಪಿನ ಗಾಳಿ ನೇರ ಒಳಗೆ ಬರುತ್ತದೆ. ಕೋಣೆ ದೊಡ್ಡದಾಗಿ ಕಾಣುತ್ತದೆ. ಆದರೆ ಕುರ್ಚಿ ಹಾಕಿಕೊಂಡು 'ಹೊರಗೆ' ಕೂತ ಅನುಭವ ಇಲ್ಲ. ಅದೇ ಬೇಕು ಅನ್ನುವವರು ಬುಕ್ ಮಾಡುವಾಗ ಮಾಮೂಲಿ ಬಾಲ್ಕನಿಯನ್ನೇ ಆರಿಸಿ. ಒಳಮುಖದ ಬಾಲ್ಕನಿಗಳೂ ಇವೆ, ಪಾರ್ಕಿಗೋ ಸರ್ಫ್‌ಸೈಡಿಗೋ ತೆರೆದುಕೊಳ್ಳುತ್ತವೆ. ಅಲ್ಲಿಂದ ನೀರು ಕಾಣೋದು ಕಷ್ಟ.

ಅತ್ತೆ ಸರ್ಫ್‌ಸೈಡಿನ ಕ್ಯಾರೊಸೆಲ್ ಪಕ್ಕ ಬೆಂಚು ಹಿಡಿದವರು ಏಳಲೇ ಇಲ್ಲ. ಕುದುರೆ ಬದಲು ಸಮುದ್ರದ ಪ್ರಾಣಿಗಳ ಮೇಲೆ ಕೂತು ಸುತ್ತುವ ಆಟ ಅದು. ಮಾವ ಬೆಳಗ್ಗೆ ಕಾಫಿ ಹಿಡಿದು ಅಕ್ವಾಡೋಮ್‌ಗೆ ಹೋಗುತ್ತಿದ್ದರು. ಹಡಗಿನ ಮುಂಭಾಗದ ನೆತ್ತಿಯಲ್ಲಿರುವ ದೊಡ್ಡ ಗಾಜಿನ ಗುಮ್ಮಟ. ರಾತ್ರಿ ಅಲ್ಲಿ ಜಲಪಾತ, ಡೈವಿಂಗ್, ಹಗ್ಗದ ಮೇಲೆ ನಡಿಗೆ ಅಂತ ಜನವೋ ಜನ. ಬೆಳಗ್ಗೆ ಅದೇ ಜಾಗ ಖಾಲಿ ಖಾಲಿ, ಮೂರೂ ಕಡೆ ಕಡಲು. ಕಡಲು ಬೇಕಾದವರಿಗೆ ನನ್ನ ಮೊದಲ ಸಲಹೆ ಇದೇ ಜಾಗ.

ಪ್ರಶ್ನೆ ಇದ್ದರೆ ಕೇಳಿ.

ಬೆಂಗಳೂರು_ಸೌತ್

ಹಡಗಿನ ತೂಕ ಸುಮಾರು ಎರಡೂವರೆ ಲಕ್ಷ ಟನ್ ಅಂತೆ! ಅಷ್ಟು ಭಾರ ಇಟ್ಟುಕೊಂಡು ತೇಲುತ್ತದಲ್ಲ, ಅದೇ ಆಶ್ಚರ್ಯ.

ಲೆಕ್ಕಾಚಾರಿ

ಅದು ತೂಕ ಅಲ್ಲ ಸ್ವಾಮಿ. 2,48,663 ಅನ್ನೋದು ಗ್ರಾಸ್ ಟನೇಜ್. ಹಡಗಿನೊಳಗೆ ಮುಚ್ಚಿದ ಜಾಗ ಎಷ್ಟಿದೆ ಅನ್ನುವುದರ ಅಳತೆ. ನಿಜವಾದ ತೂಕ ಇದಕ್ಕಿಂತ ತುಂಬಾ ಕಡಿಮೆ. ಹೋಲಿಸಬೇಕು ಅಂದರೆ ಅದೇ ಅಳತೆಯಲ್ಲಿ ಟೈಟಾನಿಕ್ 46,328 ಟನ್ ಇತ್ತು, ಉದ್ದ 269 ಮೀಟರ್. ಅಂದರೆ ಉದ್ದದಲ್ಲಿ ನೂರು ಮೀಟರಿನಷ್ಟೇ ಜಾಸ್ತಿ, ಒಳಗಿನ ಜಾಗ ಐದು ಪಟ್ಟಿಗೂ ಮೇಲೆ. ಎಲ್ಲಾ ಅಗಲಕ್ಕೂ ಎತ್ತರಕ್ಕೂ ಹೋಗಿದೆ.

ಫಿನ್ಲೆಂಡ್‌ನ ತುರ್ಕುವಿನಲ್ಲಿ ಕಟ್ಟಿದ್ದು. ಮಯಾಮಿಯಲ್ಲಿ ಹೆಸರಿಡೋಕೆ ಲಿಯೊನೆಲ್ ಮೆಸ್ಸಿ ಬಂದಿದ್ದರು. 2024ರ ಜನವರಿ 27ಕ್ಕೆ ಮೊದಲ ಯಾನ.

ಅಕ್ಕ, ದುಡ್ಡಿನ ಮಾತು ಬರೆದೇ ಇಲ್ಲ ನೀವು! ಟಿಕೆಟ್ ಬಿಟ್ಟು ಮೇಲೆ ಎಷ್ಟು ಬಿತ್ತು?

ಅಟ್ಲಾಂಟಾ_ಅಕ್ಕ

ಬರೆದರೆ ಮನೆಯವರು ಓದ್ತಾರೆ ಅಂತ ಬಿಟ್ಟಿದ್ದೆ 😄

ಟಿಕೆಟ್ ದರ ವಾರ ವಾರಕ್ಕೂ ಬದಲಾಗುತ್ತೆ, ಅದನ್ನು ಹೇಳಿ ಉಪಯೋಗ ಇಲ್ಲ. ಮೇಲಿನ ಖರ್ಚು ಮುಖ್ಯ. ಮೊದಲನೆಯದು ಟಿಪ್ಸ್. ತಲೆಗೆ ದಿನಕ್ಕೆ 18 ಡಾಲರ್ ದಾಟುತ್ತದೆ, ಸೂಟ್ ಕೋಣೆಗಳಿಗೆ ಇನ್ನೂ ಜಾಸ್ತಿ. ಎಳೆ ಮಗುವಿಗೂ ಇದೆ. ಆರು ಜನಕ್ಕೆ ವಾರಕ್ಕೆ 750 ಡಾಲರ್ ಮೀರಿತು. ಇದನ್ನು ಟಿಕೆಟ್ಟಿನ ಭಾಗ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಎರಡನೆಯದು ಇಂಟರ್ನೆಟ್. ಸ್ಟಾರ್‌ಲಿಂಕ್ ಇದೆ, ವಿಡಿಯೊ ಕಾಲ್ ಚೆನ್ನಾಗೇ ಬಂತು, ಆದರೆ ಬೇರೆ ದುಡ್ಡು. ಕುಡಿಯೋಕೆ ನೀರು, ಮಾಮೂಲಿ ಕಾಫಿ ಟೀ, ಲೆಮನೇಡ್ ಪುಕ್ಕಟೆ. ಕೋಲಾದಿಂದ ಶುರುವಾಗಿ ಉಳಿದದ್ದೆಲ್ಲ ದುಡ್ಡಿಗೆ. ಮದ್ಯದ ಪ್ಯಾಕೇಜ್‌ನಲ್ಲಿ ಒಂದು ಕೊಕ್ಕೆ ಇದೆ. ಒಂದೇ ಕೋಣೆಯ ದೊಡ್ಡವರಲ್ಲಿ ಒಬ್ಬರು ತಗೊಂಡರೆ ಎಲ್ಲರೂ ತಗೋಬೇಕು.

ವಾಟರ್ ಪಾರ್ಕ್, ಸರ್ಫಿಂಗ್, ಗೋಡೆ ಹತ್ತೋದು, ಐಸ್ ಶೋ, ವಿಝರ್ಡ್ ಆಫ್ ಓಝ್ ನಾಟಕ ಎಲ್ಲ ಟಿಕೆಟ್ಟಿನಲ್ಲೇ ಸೇರಿದೆ. ಶೋಗಳಿಗೆ ಮಾತ್ರ ಆ್ಯಪ್‌ನಲ್ಲಿ ಮುಂಚೆಯೇ ಜಾಗ ಹಿಡಿಯಿರಿ.

ಬೆಂಗಳೂರು_ಸೌತ್

ಕ್ರೌನ್ಸ್ ಎಡ್ಜ್ ಅಂತ ಒಂದು ಇದೆಯಲ್ಲ, ಅದು?

ಅಟ್ಲಾಂಟಾ_ಅಕ್ಕ

ಅದು ದುಡ್ಡಿಗೆ. ಸೊಂಟಕ್ಕೆ ಪಟ್ಟಿ ಕಟ್ಟಿ ಹಡಗಿನ ಅಂಚಿನಿಂದ ಆಚೆ ಹಲಗೆಗಳ ಮೇಲೆ ನಡೆಸುತ್ತಾರೆ. ಒಂದು ಕಡೆ ಕಾಲ ಕೆಳಗಿನ ನೆಲವೇ ಕಳಚಿಕೊಂಡು ನೀವು ನೇತಾಡ್ತೀರಿ, ಸಮುದ್ರದಿಂದ 154 ಅಡಿ ಮೇಲೆ. ನಮ್ಮ ಮನೆಯವರು ಹೋಗಿ ಬಂದು ಸುಮಾರು ಹೊತ್ತು ಮಾತೇ ಆಡಲಿಲ್ಲ. ನಾನು ಕೆಳಗಿನಿಂದ ಫೋಟೊ ತೆಗೆದೆ, ಅಷ್ಟು ಸಾಕು.

ಕಡಲೂರಿನವ

ನಾನು ಹೊನ್ನಾವರದ ಕಡೆಯವ. ಕಡಲು ನೋಡುತ್ತಲೇ ಬೆಳೆದವ. ಇದನ್ನೆಲ್ಲ ಓದಿದಾಗ ಒಂದೇ ಪ್ರಶ್ನೆ ಬರ್ತದೆ. ಹಡಗು ಹತ್ತಿ ಕಡಲನ್ನು ಹುಡುಕಬೇಕು ಅಂದರೆ ಹಡಗು ಯಾಕೆ ಬೇಕು ಮಾರಾಯ್ರೆ? ಒರ್ಲಾಂಡೊದಲ್ಲಿ ಹೋಟೆಲ್ ಮಾಡಿದರೆ ಮುಗೀತಲ್ಲ?

ನಾನು ಕೆಲವು ವರ್ಷದ ಹಿಂದೆ ಬೇರೊಂದು ಕಂಪನಿಯ ಸಣ್ಣ ಹಡಗಿನಲ್ಲಿ ನಾರ್ವೆ ಕಡೆ ಹೋಗಿದ್ದೆ. ಹೆಸರು ಬೇಡ, ಊಟ ಅಷ್ಟಕ್ಕಷ್ಟೆ, ನಲ್ಲಿಯಲ್ಲಿ ಬಿಸಿನೀರು ಒಂದು ದಿನ ಬಂದರೆ ಒಂದು ದಿನ ಇಲ್ಲ. ಆದರೆ ಡೆಕ್ ಮೇಲೆ ನಿಂತರೆ ಎಂಜಿನ್ ಸದ್ದಿನ ಜೊತೆ ಅಲೆ ಸೀಳುವ ಸದ್ದು ಬೇರೆಯಾಗಿ ಕೇಳ್ತಿತ್ತು. ನೀರು ಎಷ್ಟು ಹತ್ತಿರ ಅಂದರೆ ಹಕ್ಕಿ ಮೀನು ಹಿಡಿಯೋದು ಕಾಣ್ತಿತ್ತು. ನನಗೆ ಪ್ರಯಾಣ ಅಂದರೆ ಅದು.

ಅಟ್ಲಾಂಟಾ_ಅಕ್ಕ

ಒಪ್ಪುತ್ತೇನೆ. ಆದರೆ ನಿಮ್ಮ ನಾರ್ವೆ ಹಡಗಿಗೆ ನನ್ನ ಆರು ವರ್ಷದ ಮಗನನ್ನು ಕರೆದುಕೊಂಡು ಹೋದರೆ ಎರಡನೇ ದಿನಕ್ಕೆ ಅವನೇ ನನ್ನನ್ನು ನೀರಿಗೆ ತಳ್ಳುತ್ತಾನೆ.

ಒರ್ಲಾಂಡೊ ಯಾಕಲ್ಲ ಅಂದರೆ, ಅಲ್ಲಿ ದಿನವೂ ಕಾರು, ಪಾರ್ಕಿಂಗ್, ಬಿಸಿಲಲ್ಲಿ ಕ್ಯೂ, 'ಅಮ್ಮಾ ಕಾಲು ನೋವು'. ಇಲ್ಲಿ ಅತ್ತೆಗೆ ಸುಸ್ತಾದರೆ ಲಿಫ್ಟ್ ಹತ್ತಿ ಕೋಣೆಗೆ ಹೋಗಿ ಮಲಗುತ್ತಾರೆ. ಮಗ ಜಾರುಬಂಡೆಯಲ್ಲೇ ಇರುತ್ತಾನೆ. ಒಬ್ಬರಿಗೋಸ್ಕರ ಇನ್ನೊಬ್ಬರು ಕಾಯುವ ಹಾಗಿಲ್ಲ. ನಿದ್ದೆ ಮಾಡಿ ಎದ್ದರೆ ಬೇರೆ ದೇಶ. ಅಷ್ಟಕ್ಕೇ ನಾನು ದುಡ್ಡು ಕೊಟ್ಟಿದ್ದು.

ಮಲೆನಾಡು_ಮಳೆ

ಕಡಲೂರಿನವರಿಗೆ: ಇದೇ ಕಂಪನಿಯ ಮುಂಚಿನ ಓಯಸಿಸ್ ಸರಣಿಯ ಹಡಗುಗಳಲ್ಲಿ ನೀವು ಹೇಳುವ ಕೊರತೆ ಇನ್ನೂ ಜಾಸ್ತಿ ಇತ್ತು. ಅಲ್ಲಿ ನಡುವಿನ ಅಂಗಡಿ ಬೀದಿ ಪೂರ್ತಿ ಒಳಗೇ, ಕಿಟಕಿಯೇ ಇಲ್ಲ. ಐಕಾನ್‌ನಲ್ಲಿ ರಾಯಲ್ ಪ್ರೊಮೆನೇಡ್ ಅನ್ನೋ ಆ ಬೀದಿಯ ಮಧ್ಯೆ ಪಕ್ಕದ ಗೋಡೆ ತೆಗೆದು ನೆಲದಿಂದ ಸೂರಿನವರೆಗೆ ಗಾಜು ಹಾಕಿದ್ದಾರೆ. ಅಲ್ಲಿ ನಿಲ್ಲಿಸಿರುವ 'ಪರ್ಲ್' ಅನ್ನೋ ಗೋಳ ಬರೀ ಅಲಂಕಾರಕ್ಕಲ್ಲ. ಮೇಲಿನ ಡೆಕ್‌ಗಳ ಭಾರ ಹೊರುವ ಚೌಕಟ್ಟಿನ ಭಾಗ ಅದು. ಹಾಗಾಗಿಯೇ ಅಷ್ಟು ಅಗಲದ ಜಾಗ ಕಂಬಗಳಿಲ್ಲದೆ ತೆರೆದುಕೊಂಡಿದೆ. ನಾನು ಎಂಜಿನಿಯರ್, ಎಲ್ಲರೂ ಸೆಲ್ಫಿ ತೆಗೀತಿದ್ದರೆ ನಾನು ಅದರ ಬುಡದಲ್ಲಿ ಕಾಲು ಎಲ್ಲಿ ಊರಿದೆ ಅಂತ ಹುಡುಕ್ತಿದ್ದೆ.

ಆ ಗೋಳದ ಒಳಗಿನ ಮೆಟ್ಟಿಲು ಹತ್ತುವಾಗ ಸುತ್ತಲಿನ ಸಣ್ಣ ಸಣ್ಣ ಹಲಗೆಗಳು ಒಂದರ ಹಿಂದೆ ಒಂದು ಮಗುಚುತ್ತವೆ, ಬಣ್ಣ ಬದಲಾಗುತ್ತದೆ. ಮಧ್ಯಾಹ್ನ ಜನ ಕೊಳದಲ್ಲಿರುವಾಗ ಹೋಗಿ. ಸಂಜೆ ಅಲ್ಲಿ ನಿಲ್ಲೋಕೂ ಜಾಗ ಇರಲ್ಲ.

ಲೆಕ್ಕಾಚಾರಿ

ಇನ್ನೊಂದು ಮಾತು. ಪತ್ರಿಕೆಗಳಲ್ಲಿ ಇದನ್ನು 'ಐಷಾರಾಮಿ ಹಡಗು' ಅಂತ ಬರೀತಾರೆ. ಆ ಉದ್ಯಮದವರು ಹಾಗೆ ಕರೆಯಲ್ಲ. ಇದು ಅವರ ಪ್ರಕಾರ ಎಲ್ಲರಿಗೂ ಇರುವ ಹಡಗು. ಸಿಬ್ಬಂದಿ ಲೆಕ್ಕ ನೋಡಿ. ಕೋಣೆಗೆ ಇಬ್ಬರಂತೆ 5,610 ಪ್ರಯಾಣಿಕರು, 2,350 ಸಿಬ್ಬಂದಿ. ಕೋಣೆಗೆ ಮೂರು ನಾಲ್ಕು ಜನ ಸೇರಿದರೆ 7,600 ತನಕ ಹೋಗುತ್ತದೆ. ಇದೇ ಗುಂಪಿಗೆ ಸೇರಿದ ಸಿಲ್ವರ್‌ಸೀ ಕಂಪನಿಯ ಸಿಲ್ವರ್ ನೋವಾ ಹಡಗಿನಲ್ಲಿ 728 ಪ್ರಯಾಣಿಕರಿಗೆ 556 ಸಿಬ್ಬಂದಿ. ಹೆಚ್ಚುಕಮ್ಮಿ ನಾಲ್ವರಿಗೆ ಮೂವರು. ದರವೂ ಹಾಗೇ ಇರುತ್ತೆ ಬಿಡಿ.

ಐಕಾನ್‌ನಲ್ಲೂ ಮೂರಂತಸ್ತಿನ ಒಂದು ಟೌನ್‌ಹೌಸ್ ಇದೆ, ಮಲಗುವ ಕೋಣೆಯಿಂದ ಕೆಳಗಿಳಿಯೋಕೆ ಜಾರುಬಂಡೆ. ಅಲ್ಲಿ ಇಳಿದುಕೊಂಡವರು ಯಾರಾದರೂ ಇಲ್ಲಿದ್ದರೆ ನನಗೊಂದು ಸಾಲ ಕೊಡಿ.

ಧಾರವಾಡ_ಪೇಡೆ

ನಮಸ್ಕಾರ್ರೀ. ನಾವು ಡಲ್ಲಾಸ್‌ನಾಗ ಇರ್ತೀವಿ. ಅವ್ವ ಬರೋರು ಇದ್ದಾರ. ವಯಸ್ಸು ಎಪ್ಪತ್ತರ ಮ್ಯಾಲೆ, ಮಣಕಾಲು ನೋವು, ಪೂರ್ತಿ ಶಾಕಾಹಾರಿ. ಹಡಗು ಅಲ್ಲಾಡಿದರ ವಾಂತಿ ಅಂಜಿಕಿ ಬ್ಯಾರೆ. ಕರಕೊಂಡು ಹೋಗಬಹುದೇನ್ರಿ? ಮತ್ತ ನನ್ನ ಎಚ್1ಬಿ ಕೆಲಸದ ವೀಸಾ ಸ್ಟ್ಯಾಂಪ್ ಮುಗದೈತಿ, ಐ-797 ಮಂಜೂರಿ ಪತ್ರ ಐತಿ. ಏನಾದರೂ ತೊಂದರಿ?

ಮಲೆನಾಡು_ಮಳೆ

ಕೊನೆಯ ಪ್ರಶ್ನೆ ಮೊದಲು, ಅದೇ ದೊಡ್ಡದು. ಸ್ಟ್ಯಾಂಪ್ ಮುಗಿದಿದ್ದರೆ ಬುಕ್ ಮಾಡಬೇಡಿ.

ಅಮೆರಿಕದಲ್ಲಿ ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ಒಂದು ನಿಯಮ ಇದೆ. ಮೆಕ್ಸಿಕೊ, ಕೆನಡಾಕ್ಕೆ 30 ದಿನದೊಳಗೆ ಹೋಗಿ ಬಂದರೆ ಹಳೇ ಸ್ಟ್ಯಾಂಪ್‌ನಲ್ಲೇ ಒಳಗೆ ಬಿಡುತ್ತಾರೆ. ಅದನ್ನೇ ನಂಬಿ ಜನ ಕ್ರೂಸ್ ಬುಕ್ ಮಾಡಿಬಿಡುತ್ತಾರೆ. ಆದರೆ ಕೆರಿಬಿಯನ್ ದ್ವೀಪಗಳಿಗೆ ಆ ಸೌಲಭ್ಯ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ ಕಾರ್ಯಕ್ರಮ) ವೀಸಾದವರಿಗೆ ಮಾತ್ರ, ಎಚ್‌ಗೆ ಇಲ್ಲ. ಸೇಂಟ್ ಕಿಟ್ಸ್, ಬಹಾಮಾಸ್ ಎರಡೂ ಬೇರೆ ದೇಶ. ಬಂದರಿನಲ್ಲೇ ಹತ್ತಿಸಿಕೊಳ್ಳದೆ ವಾಪಸ್ ಕಳಿಸಬಹುದು. ಹೊರಡುವ ಮುಂಚೆ ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಅಮ್ಮನ ಬಿ2 (ಪ್ರವಾಸಿ) ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು. ಸಿಂಗಲ್ ಎಂಟ್ರಿ ಆಗಿದ್ದರೆ ಹೊರಗೆ ಕಾಲಿಟ್ಟ ಕೂಡಲೇ ಅದು ಮುಗಿದ ಹಾಗೆ. ಕ್ರೂಸ್‌ನಿಂದ ವಾಪಸ್ ಬಂದಾಗ ಐ-94 (ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಹೊಸದಾಗಿ ಆರು ತಿಂಗಳಿಗೆ ಸಿಗುತ್ತದೆ ಅಂತಲೂ ಲೆಕ್ಕ ಹಾಕಬೇಡಿ.

ಅಟ್ಲಾಂಟಾ_ಅಕ್ಕ

ಅಲುಗಾಟದ ಬಗ್ಗೆ: ಇಷ್ಟು ದೊಡ್ಡ ಹಡಗು, ಜೊತೆಗೆ ಪಕ್ಕಗಳಲ್ಲಿ ರೆಕ್ಕೆ ಥರ ಸ್ಟೆಬಿಲೈಸರ್. ನಮಗೆ ಒಂದು ರಾತ್ರಿ ಮಾತ್ರ ಹ್ಯಾಂಗರ್‌ಗಳು ಅಲ್ಮೇರಾದಲ್ಲಿ ಟಿಕ್ ಟಿಕ್ ಅಂದವು, ಅಷ್ಟೇ. ಅಮ್ಮನಿಗೆ ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್‌ನಲ್ಲಿ ಕೋಣೆ ತಗೊಳ್ಳಿ. ತುದಿಗಳಲ್ಲೂ ಮೇಲೂ ಓಲಾಟ ಜಾಸ್ತಿ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ. ಟಿಕೆಟ್ ಅಗ್ಗ ಸಿಕ್ಕರೂ ದಾರಿ ಬದಲಾಗುವ ಸಾಧ್ಯತೆ ಇರುತ್ತೆ.

ಮಂಡಿ ನೋವಿಗೆ ಗಾಲಿಕುರ್ಚಿ ಒಯ್ಯಿರಿ, ನಾಚಿಕೊಳ್ಳಬೇಡಿ. ನಾವು ನಿಂತ ಮೂರೂ ಕಡೆ ಹಡಗು ನೇರ ಧಕ್ಕೆಗೇ ಬಂತು, ದೋಣಿಗೆ ಇಳಿಯುವ ಕಷ್ಟ ಇರಲಿಲ್ಲ. ಕೊಕೊಕೇಯಲ್ಲಿ ಓಡಾಡೋಕೆ ಟ್ರ್ಯಾಮ್ ಬಂಡಿ ಇದೆ, ದುಡ್ಡಿಲ್ಲ.

ಊಟದ್ದು ಹೇಳಲೇಬೇಕು. ವಿಂಡ್‌ಜ್ಯಾಮರ್ ಬಫೆಯಲ್ಲಿ ದಿನವೂ ಏನಾದರೂ ಭಾರತದ್ದು ಇರುತ್ತಿತ್ತು. ಅನ್ನ, ಒಂದು ದಾಲ್, ಒಂದು ತರಕಾರಿ ಪಲ್ಯ. ಖಾರ ಅವರ ಲೆಕ್ಕದ್ದು. ಗುಟ್ಟು ಏನಂದರೆ ರಾತ್ರಿ ಊಟದ ದೊಡ್ಡ ಹಾಲ್‌ನಲ್ಲಿ ಹೆಡ್ ವೇಟರ್ ಹತ್ತಿರ ಮೊದಲ ದಿನವೇ ಮಾತಾಡಿ. 'ಇಂಡಿಯನ್ ವೆಜಿಟೇರಿಯನ್ ಬೇಕು, ಮೊಟ್ಟೆ ಬೇಡ' ಅಂತ ಹೇಳಿ. ಮರುದಿನದಿಂದ ಅವರೇ ಕೇಳಿಕೊಂಡು ಬರುತ್ತಾರೆ. ಜೈನ ಊಟವೂ ಮಾಡಿಕೊಡುತ್ತಾರೆ. ನಮ್ಮ ಮೇಜಿಗೆ ಮೂರನೇ ರಾತ್ರಿ ಬಂದ ಬದನೆಕಾಯಿ ಪಲ್ಯ ನೋಡಿ ಪಕ್ಕದ ಟೇಬಲ್‌ನ ಅಮೆರಿಕನ್ ದಂಪತಿ, 'ಇದು ಮೆನುವಿನಲ್ಲಿ ಎಲ್ಲಿದೆ?' ಅಂತ ವೇಟರ್‌ನ ಕೇಳ್ತಿದ್ದರು. ಅತ್ತೆಯ ಮುಖದಲ್ಲಿ ಗೆದ್ದ ನಗು.

ಬ್ಯಾಕ್‌ಫುಟ್_ಪಂಚ್

ಸೇಂಟ್ ಕಿಟ್ಸ್ ಅಂದ್ರಲ್ಲ, ಯಾರಾದರೂ ಅಲ್ಲಿನ ಕ್ರಿಕೆಟ್ ಮೈದಾನ ವಾರ್ನರ್ ಪಾರ್ಕ್ ನೋಡಿದ್ರಾ? 2007ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಗಿಬ್ಸ್ ಒಂದೇ ಓವರ್‌ಗೆ ಆರು ಸಿಕ್ಸರ್ ಹೊಡೆದದ್ದು ಅಲ್ಲೇ! ಅದಕ್ಕೂ ಹಿಂದಿನ ವರ್ಷ ಆ ಮೈದಾನದ ಮೊಟ್ಟಮೊದಲ ಟೆಸ್ಟ್ ಆಡಿದ್ದೇ ನಮ್ಮವರು. ದ್ರಾವಿಡ್ ಕ್ಯಾಪ್ಟನ್, ಕುಂಬ್ಳೆ ತಂಡದಲ್ಲಿ, ಲಕ್ಷ್ಮಣ್ ಸೆಂಚುರಿ. ಮುಂದಿನ ಟೆಸ್ಟ್ ಜಮೈಕಾದಲ್ಲಿ ಗೆದ್ದು 35 ವರ್ಷದ ಮೇಲೆ ವೆಸ್ಟ್ ಇಂಡೀಸ್‌ನಲ್ಲಿ ಸರಣಿ ಹೊಡೆದರು.

ಹಡಗಿನಲ್ಲಿ ಎಷ್ಟು ಕೊಳ ಇದ್ದರೇನು, ನಾನಂತೂ ಇಳಿದು ನೇರ ಅಲ್ಲಿಗೇ ಹೋಗ್ತಿದ್ದೆ.

ಮಲೆನಾಡು_ಮಳೆ

ಹೋಗಿದ್ದೆ! ಅಲ್ಲಿನ ರಾಜಧಾನಿ ಬಸೆಟೇರ್ ಊರು ಸಣ್ಣದು, ಧಕ್ಕೆಯಿಂದ ನಡೆದೇ ಹೋಗಬಹುದು. ಆವತ್ತು ಆಟ ಇರಲಿಲ್ಲ, ಹೊರಗಿನಿಂದ ನೋಡಿದ್ದಷ್ಟೇ. ಬೌಂಡರಿ ಅಷ್ಟೇನೂ ದೂರ ಇಲ್ಲ, ಗಿಬ್ಸ್ ಅಭಿಮಾನಿಗಳು ಬೈಬೇಡಿ.

ಅಲ್ಲಿ ನೋಡಲೇಬೇಕಾದ್ದು ಬ್ರಿಮ್‌ಸ್ಟೋನ್ ಹಿಲ್ ಕೋಟೆ. ಬ್ರಿಟಿಷರು ಯೋಜನೆ ಹಾಕಿದರು, ಕಲ್ಲು ಹೊತ್ತು ಕಟ್ಟಿದ್ದು ಆಫ್ರಿಕಾದಿಂದ ಗುಲಾಮರಾಗಿ ತಂದವರು. 1999ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಕಬ್ಬು ಸಾಗಿಸೋಕೆ ಅಂತ ಹಾಕಿದ್ದ ಸಣ್ಣ ಗೇಜ್ ರೈಲಿನಲ್ಲಿ ಈಗ ಪ್ರವಾಸಿಗರನ್ನು ಸುತ್ತಿಸುತ್ತಾರೆ. ಸಕ್ಕರೆ ಉದ್ಯಮವನ್ನು 2005ರಲ್ಲೇ ಮುಚ್ಚಿದರು. ದಾರಿಯುದ್ದಕ್ಕೂ ಕಾಡು ಬಿದ್ದ ಕಬ್ಬಿನ ಗದ್ದೆ, ಹಳೇ ಗಾಣದ ಹೊಗೆಗೂಡು. ಮಂಡ್ಯದವರಿಗೆ ನೋಡಿ ಹೊಟ್ಟೆ ಚುರ್ ಅನ್ನುತ್ತೆ.

ಕಡಲೂರಿನವ

ಈಗ ಬಂತು ನೋಡಿ ಸರಿಯಾದ ಮಾತು. ಸೇಂಟ್ ಕಿಟ್ಸ್, ನೆವಿಸ್ ಸೇರಿ ಇಡೀ ದೇಶದ ಜನಸಂಖ್ಯೆ 50 ಸಾವಿರದ ಆಸುಪಾಸು. ಒಂದೇ ಹಡಗಿನಿಂದ ಆರೇಳು ಸಾವಿರ ಜನ ಬೆಳಗ್ಗೆ ಇಳಿದು ಸಂಜೆಗೆ ಹತ್ತುತ್ತಾರೆ. ತಿಂಡಿ, ಊಟ ಎಲ್ಲಾ ಹಡಗಿನಲ್ಲೇ. ಊರಿಗೆ ಏನು ಉಳೀತದೆ?

ಮಂಗಳೂರಿನಲ್ಲಿ ಇದನ್ನೇ ಈ ಕಡೆಯಿಂದ ನೋಡ್ತೇವೆ. ಪ್ರತಿ ಸೀಸನ್‌ಗೆ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಬಸ್ಸಿನಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿ ದೇವಸ್ಥಾನ, ಒಂದು ಗೇರುಬೀಜದ ಫ್ಯಾಕ್ಟರಿ. ಸಂಜೆಗೆ ಹಡಗು ಹೊರಟಾಯ್ತು. ಬಂದವರಿಗೆ ಊರು ಕಂಡಿತು ಅನ್ನೋ ಸಮಾಧಾನ. ಆಟೊದವನಿಗೆ ಒಂದು ಟ್ರಿಪ್ ಸಿಕ್ಕರೆ ಸಿಕ್ಕಿತು.

ಮಲೆನಾಡು_ಮಳೆ

ಅದಕ್ಕೇ ನಾನು ಹಡಗಿನವರ ಟೂರ್ ತಗೊಳ್ಳಲಿಲ್ಲ. ಧಕ್ಕೆಯ ಹೊರಗೆ ಸಿಕ್ಕ ಟ್ಯಾಕ್ಸಿಯವರ ಜೊತೆ ದಿನವಿಡೀ ಸುತ್ತಿದೆ. ಅವರಪ್ಪ ಕಬ್ಬಿನ ಗದ್ದೆಯಲ್ಲಿ ದುಡಿದವರಂತೆ. ಊಟಕ್ಕೆ ಅವರೇ ಒಂದು ಗೂಡಂಗಡಿಗೆ ಕರೆದುಕೊಂಡು ಹೋದರು. ಹುರಿದ ಬಾಳೆಕಾಯಿ, ಅನ್ನ, ಬೀನ್ಸ್. ಒಂದೇ ಎಚ್ಚರ: ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವಾಗಿ ಹೋಗಿ ತಡ ಮಾಡಿದರೆ ಕಾಯಲ್ಲ. ಎರಡು ಗಂಟೆ ಮುಂಚೆಯೇ ವಾಪಸ್ ಬನ್ನಿ.

ಮಾಜಿ_ಸ್ಟುವರ್ಡ್

ಬಹಳ ದಿನದಿಂದ ಸುಮ್ನೆ ಓದ್ತಾ ಇದ್ದೆ. ಉಡುಪಿ ಕಡೆಯವನು. ಈ ಹಡಗಿನಲ್ಲಿ ಅಲ್ಲ, ಬೇರೆ ಕ್ರೂಸ್ ಹಡಗುಗಳಲ್ಲಿ ಕೋಣೆ ಚೊಕ್ಕ ಮಾಡುವ ಕೆಲಸದಲ್ಲಿದ್ದೆ. ಪ್ರಯಾಣಿಕರಿಗೆ ಕಾಣದ ಒಂದು ರಸ್ತೆ ಎಲ್ಲಾ ದೊಡ್ಡ ಹಡಗಿನಲ್ಲೂ ಇರುತ್ತದೆ. ಹಡಗಿನ ಉದ್ದಕ್ಕೂ ಸಿಬ್ಬಂದಿಯ ಓಣಿ, ಅದಕ್ಕೆ ನಾವು ಅಮೆರಿಕದ ಹೆದ್ದಾರಿಯ ಹೆಸರಲ್ಲಿ 'ಐ-95' ಅಂತೀವಿ. ಲಗೇಜ್ ಟ್ರಾಲಿ, ತರಕಾರಿ ಪೆಟ್ಟಿಗೆ, ಶೋ ಮುಗಿಸಿ ಮಿಂಚಿನ ಬಟ್ಟೆಯಲ್ಲೇ ಓಡಿ ಬರುವ ಡ್ಯಾನ್ಸರ್‌ಗಳು, ಎಲ್ಲಾ ಅಲ್ಲೇ. ಪ್ರಯಾಣಿಕರ ಕಡೆಯ ಬಾಗಿಲು ತಳ್ಳಿದ ಕೂಡಲೇ ಕಾರ್ಪೆಟ್ ಶುರು, ಮುಖದಲ್ಲಿ ನಗು ಶುರು.

ಕಾಂಟ್ರಾಕ್ಟ್ ಆರರಿಂದ ಎಂಟು ತಿಂಗಳು. ಪೂರ್ತಿ ರಜೆ ಅಂತ ಒಂದು ದಿನವೂ ಇರಲ್ಲ, ನಡುವೆ ಕೆಲವು ಗಂಟೆ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಬಂದರಿನಲ್ಲಿ ಇಳಿದು ಮನೆಗೆ ಫೋನ್ ಮಾಡಬೇಕು, ಶಾಂಪೂ ತಗೋಬೇಕು, ನಿದ್ದೆಯೂ ಮಾಡಬೇಕು. ಸಿಬ್ಬಂದಿಯ ಮೆಸ್‌ನಲ್ಲಿ ಅನ್ನ ಸಾರು ಸಿಗ್ತದೆ. ಮಂಗಳೂರು, ಗೋವಾ ಹುಡುಗರು ಹೆಚ್ಚುಕಮ್ಮಿ ಎಲ್ಲಾ ಕಂಪನಿಯಲ್ಲೂ ಇದ್ದಾರೆ. ಹೆಸರಿನ ಬಿಲ್ಲೆಯ ಮೇಲೆ ದೇಶ ಬರೆದಿರುತ್ತದೆ, ಭಾರತ ಅಂತ ಕಂಡರೆ 'ಯಾವೂರು?' ಅಂತ ಕೇಳಿ. ಅವನ ಇಡೀ ದಿನ ಚೆನ್ನಾಗಾಗ್ತದೆ. ಟಿಪ್ಸ್ ತೆಗೆಸಿಹಾಕುವ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಈ ಕೆಲಸಕ್ಕೆ ಹೋಗಬೇಕು ಅಂತ ಇರುವ ಊರಿನ ಹುಡುಗರಿಗೂ ಒಂದು ಮಾತು. ಸಿಡಿಸಿ ಪುಸ್ತಕ (ನಾವಿಕರ ಗುರುತಿನ ದಾಖಲೆ), ಎಸ್‌ಟಿಸಿಡಬ್ಲ್ಯು ಅನ್ನೋ ಸುರಕ್ಷತಾ ತರಬೇತಿ, ಮೆಡಿಕಲ್, ಅಮೆರಿಕದ ದಾರಿಗೆ ಹಡಗಿನ ಸಿಬ್ಬಂದಿಯ ಸಿ1/ಡಿ ವೀಸಾ ಬೇಕು. ಕೆಲಸ ಕೊಡಿಸುವ ಏಜೆಂಟ್‌ಗೆ ಆರ್‌ಪಿಎಸ್‌ಎಲ್ (ನಾವಿಕರನ್ನು ಕೆಲಸಕ್ಕೆ ಸೇರಿಸುವ) ಲೈಸೆನ್ಸ್ ಇದೆಯಾ ಅಂತ ಸರ್ಕಾರದ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲಿ ನೋಡಿ. ಲೈಸೆನ್ಸ್ ಇರುವವನು ಕೆಲಸಕ್ಕೆ ಅಂತ ನಿಮ್ಮಿಂದ ಕಮಿಷನ್ ತಗೊಳ್ಳುವ ಹಾಗೇ ಇಲ್ಲ. ನನ್ನಿಂದ ಒಬ್ಬ ಏಜೆಂಟ್ ಕಿತ್ತುಕೊಂಡ ದುಡ್ಡಿನಲ್ಲಿ ಅಪ್ಪ ಒಂದು ದೋಣಿ ತಗೋಬಹುದಿತ್ತು.

ಅಟ್ಲಾಂಟಾ_ಅಕ್ಕ

ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದವರು ಫಿಲಿಪ್ಪೀನ್ಸ್‌ನವರು. ಮಗನಿಗೆ ದಿನವೂ ಟವೆಲ್‌ನಲ್ಲಿ ಒಂದೊಂದು ಪ್ರಾಣಿ ಮಾಡಿ ಇಟ್ಟಿರುತ್ತಿದ್ದರು. ನೀವು ಹೇಳಿದ ಮೇಲೆ ಅನ್ನಿಸ್ತಿದೆ, ಅವರ ಹತ್ತಿರ ಮಾತಾಡಿದ್ದು ತೀರಾ ಕಡಿಮೆ.

ಬೆಂಗಳೂರು_ಸೌತ್

ಪರಿಸರದ ಬಗ್ಗೆ ಯಾರೂ ಹೇಳಲೇ ಇಲ್ಲ. ಎಲ್‌ಎನ್‌ಜಿ (ದ್ರವ ಮಾಡಿದ ನೈಸರ್ಗಿಕ ಅನಿಲ) ಸುಡುವ ಹಡಗು, ಹಾಗಾಗಿ ಕ್ಲೀನ್ ಅಂತೆ?

ಲೆಕ್ಕಾಚಾರಿ

ಅರ್ಧ ನಿಜ. ಎಲ್‌ಎನ್‌ಜಿ ಸುಟ್ಟಾಗ ಮಾಮೂಲಿ ಹಡಗಿನ ಎಣ್ಣೆಗಿಂತ ಇಂಗಾಲದ ಡೈಆಕ್ಸೈಡ್ ಸುಮಾರು ಕಾಲು ಭಾಗ ಕಡಿಮೆ. ಗಂಧಕ, ಮಸಿ ಇಲ್ಲವೇ ಇಲ್ಲ ಅನ್ನಬಹುದು. ಬಂದರಿನಲ್ಲಿ ಕಪ್ಪು ಹೊಗೆ ಕಾಣಲ್ಲ, ಉಸಿರಾಡುವವರಿಗೆ ಅದು ಒಳ್ಳೆಯದೇ. ತೊಂದರೆ ಇರೋದು ಮೀಥೇನ್‌ನಲ್ಲಿ. ಎಂಜಿನ್‌ನಲ್ಲಿ ಸ್ವಲ್ಪ ಅನಿಲ ಸುಡದೆ ಹಾಗೇ ಚಿಮಣಿಯಿಂದ ಹೊರಗೆ ಹೋಗುತ್ತದೆ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಶಾಖ ಹಿಡಿಯುವುದು ಡೈಆಕ್ಸೈಡ್‌ಗಿಂತ 80 ಪಟ್ಟು ಜಾಸ್ತಿ. ಹಡಗುಗಳಲ್ಲಿ ಹೆಚ್ಚು ಬಳಸುವ ಮಾದರಿಯ ಎಲ್‌ಎನ್‌ಜಿ ಎಂಜಿನ್‌ಗಳನ್ನು ಐಸಿಸಿಟಿ ಅನ್ನೋ ಸಾರಿಗೆ ಸಂಶೋಧನಾ ಸಂಸ್ಥೆ ಅಳತೆ ಮಾಡಿ 2024ರಲ್ಲಿ ವರದಿ ಕೊಟ್ಟಿತು. ಸರಾಸರಿ 6.4 ಶೇಕಡಾ ಸೋರಿಕೆ. ಯುರೋಪಿನ ನಿಯಮ 3.1 ಅಂತ ಹಿಡಿದುಕೊಂಡಿತ್ತು.

ಹಡಗಿನಲ್ಲಿ ಒಳ್ಳೆಯ ಕೆಲಸವೂ ಇದೆ. ಬಳಸುವ ಸಿಹಿನೀರಿನಲ್ಲಿ 93 ಶೇಕಡಾ ಸಮುದ್ರದ ನೀರಿನಿಂದ ಅಲ್ಲೇ ತೆಗೆದದ್ದು ಅಂತ ಕಂಪನಿ ಹೇಳುತ್ತದೆ. ಆದರೆ ಅಷ್ಟು ಜನಕ್ಕೆ ಏಳು ಕೊಳ, ಐಸ್ ರಿಂಕ್, ಎಸಿ ಎಲ್ಲಾ ನಡೆಸೋಕೆ ಇಂಧನ ಬೇಕಲ್ಲ. 'ಹಸಿರು ಹಡಗು' ಅನ್ನೋದನ್ನು ನಾನು ಒಪ್ಪಲ್ಲ. ಹೋಗಲೇಬೇಡಿ ಅಂತಲೂ ಹೇಳಲ್ಲ, ನಾನೇ ಹೋಗಿದ್ದೇನೆ.

ಬ್ಯಾಕ್‌ಫುಟ್_ಪಂಚ್

ಇಂಡಿಯಾದಲ್ಲೇ ಇರುವವರಿಗೆ ಏನಾದರೂ ಇದೆಯಾ? ಅಮೆರಿಕ ಟಿಕೆಟ್ ಹಾಕಿ ಹಡಗು ಹತ್ತೋಕೆ ನಮ್ಮ ಕೈಲಾಗಲ್ಲ.

ಲೆಕ್ಕಾಚಾರಿ

ಮುಂಬೈಯಿಂದ ಕಾರ್ಡೀಲಿಯಾ ಕಂಪನಿಯ ಎಂಪ್ರೆಸ್ ಹಡಗು ಇದೆ. ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆ ಹೋಗುತ್ತದೆ. ಒಂದು ತಮಾಷೆ ಗೊತ್ತಾ? ಅದು ಮೊದಲು ಇದೇ ರಾಯಲ್ ಕೆರಿಬಿಯನ್ ಕಂಪನಿಯ ಹಡಗು. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಅಂತ ಯಾನ ಶುರು ಮಾಡಿದ್ದು. 48,563 ಟನ್, ಅಂದರೆ ಟೈಟಾನಿಕ್‌ಗಿಂತ ಚೂರು ದೊಡ್ಡದು, ಐಕಾನ್‌ನ ಐದನೇ ಒಂದು ಭಾಗ. ಹೊಸದರ ಥಳುಕು ಇರಲ್ಲ. ಆದರೆ ವೀಸಾ ಬೇಡ, ಊಟದ ಚಿಂತೆ ಇಲ್ಲ.

ಕಡಲೂರಿನವ

ಕಡಲೂ ಹತ್ತಿರ ಕಾಣ್ತದೆ!

ಬೆಂಗಳೂರು_ಸೌತ್

ಫೋನ್ ಬಗ್ಗೆ ಒಂದು ಎಚ್ಚರಿಕೆ ಎಲ್ಲರಿಗೂ. ನನ್ನ ತಂಗಿ ಕುಟುಂಬ ಕ್ರೂಸ್ ಹೋದಾಗ ಭಾವ ಏರ್‌ಪ್ಲೇನ್ ಮೋಡ್ ಹಾಕಲಿಲ್ಲ. ಹಡಗಿನ ಉಪಗ್ರಹದ ಟವರ್‌ಗೆ ಫೋನ್ ತಾನಾಗಿ ಅಂಟಿಕೊಂಡಿತ್ತು. ವಾಪಸ್ ಬಂದ ಮೇಲೆ ಬಂದ ಬಿಲ್ಲಿನಲ್ಲಿ ಒಂದು ಫೋನೇ ಕೊಳ್ಳಬಹುದಿತ್ತು. ಫೋನ್ ಕಂಪನಿ ಜೊತೆ ಈಗಲೂ ಜಗಳ ನಡೀತಿದೆ. ಹತ್ತುವ ಮುಂಚೆಯೇ ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ.

ಧಾರವಾಡ_ಪೇಡೆ

ಎಲ್ಲರಿಗೂ ಭಾಳ ಥ್ಯಾಂಕ್ಸ್‌ರಿ. ವೀಸಾದ್ದು ಹೇಳಿದ್ದು ಛಲೋ ಆತು, ಬುಕ್ ಮಾಡೋಕ ಕೂತಿದ್ದೆ! ಮೊದಲ ಊರಿಗೆ ಹೋಗಿ ಸ್ಟ್ಯಾಂಪಿಂಗ್ ಮುಗಿಸಿ, ಬರೋವಾಗ ಅವ್ವನ್ನ ಕರಕೊಂಡು ಬರ್ತೀನಿ. ಆಮ್ಯಾಲೆ ಇದರ ತಂಗಿ ಹಡಗು ಸ್ಟಾರ್ ಆಫ್ ದಿ ಸೀಸ್ ನೋಡಬೇಕು ಅಂತೀವಿ, ಅದು ಪೋರ್ಟ್ ಕ್ಯಾನವೆರಲ್‌ನಿಂದ ಹೊರಡ್ತೈತಿ. ಇನ್ನೊಂದು ಪ್ರಶ್ನೆ. ಅವ್ವ ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿ ಬಿಟ್ಟು ಬ್ಯಾರೆ ತಿನ್ನೂದಿಲ್ಲ. ಸಣ್ಣ ಎಲೆಕ್ಟ್ರಿಕ್ ಕೆಟಲ್ ಒಯ್ಯಬಹುದೇನ್ರಿ?

ಅಟ್ಲಾಂಟಾ_ಅಕ್ಕ

ಕೆಟಲ್, ಕುಕ್ಕರ್, ಇಸ್ತ್ರಿ ಪೆಟ್ಟಿಗೆ ಏನೂ ಬಿಡಲ್ಲ. ಬಿಸಿ ಆಗುವ ವಸ್ತು ಯಾವುದಿದ್ದರೂ ಸ್ಕ್ಯಾನ್‌ನಲ್ಲೇ ತೆಗೆದಿಟ್ಟುಕೊಂಡು ಕೊನೇ ದಿನ ವಾಪಸ್ ಕೊಡುತ್ತಾರೆ. ಹಡಗಿನಲ್ಲಿ ಬೆಂಕಿಯ ಭಯ ಜಾಸ್ತಿ. ಮನೆಯಲ್ಲಿ ಮಾಡಿದ ತಿಂಡಿಗೂ ಅವಕಾಶ ಇಲ್ಲ, ಸೀಲ್ ಆದ ಪ್ಯಾಕೆಟ್ ಆದರೆ ಪರವಾಗಿಲ್ಲ.

ನಾವು ಮಾಡಿದ್ದು ಹೀಗೆ. ಎಂಟಿಆರ್‌ನ ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ಒಯ್ದಿದ್ದೆವು. ವಿಂಡ್‌ಜ್ಯಾಮರ್‌ನಲ್ಲಿ ಟೀ ಮಾಡೋಕೆ ಕುದಿಯುವ ನೀರಿನ ನಲ್ಲಿ ಇರುತ್ತೆ. ಕಪ್‌ಗೆ ಸುರಿದು ನೀರು ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಐದು ನಿಮಿಷ ಬಿಡಿ. ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಎರಡು ಚಮಚ ನೀರು ಕಡಿಮೆ ಹಾಕಿ, ಇಲ್ಲದಿದ್ದರೆ ಗಂಜಿ ಆಗುತ್ತೆ. ಮೊಸರು ಬಫೆಯಲ್ಲೇ ಇದೆ, ಬೆಳಗ್ಗೆ ಹಣ್ಣಿನ ಪಕ್ಕ ನೋಡಿ. ಉಪ್ಪಿನಕಾಯಿ ಸೀಲ್ ಆದ ಸಣ್ಣ ಸ್ಯಾಶೆಯಲ್ಲೇ ಒಯ್ಯಿರಿ. ಗಾಜಿನ ಬಾಟಲಿ ಸೂಟ್‌ಕೇಸ್‌ನಲ್ಲಿ ಒಡೆದರೆ ಏಳು ದಿನವೂ ಬಟ್ಟೆ ಮಾವಿನಕಾಯಿ ವಾಸನೆ ಹೊಡೆಯುತ್ತೆ.

ಕೋಣೆ ಮಾತ್ರ ಸರ್ಫ್‌ಸೈಡ್ ಕಡೆಯದ್ದು ಬೇಡ, ಅಮ್ಮ ಮಧ್ಯಾಹ್ನ ಮಲಗುವವರಾದರೆ. ಮಕ್ಕಳ ಗಲಾಟೆ ಸಂಜೆವರೆಗೂ ಇರುತ್ತೆ.